ಸಾಯದವರ ಮನೆಯ ಲೆಕ್ಕ

ಮಕ್ಕಳೇ, ಮತ್ತು ಈ ಪುಟವನ್ನು ಮಕ್ಕಳಿಗೆ ಓದಿ ಹೇಳುವ ಅಜ್ಜ-ಅಜ್ಜಿಯರೇ, ಈ ವಾರ ಒಂದು ಲೆಕ್ಕದಿಂದ ಶುರು ಮಾಡೋಣ. ಪೆನ್ಸಿಲು, ಕಾಗದ ತೆಗೆದುಕೊಳ್ಳಿ.

ಒಬ್ಬನಿಗೆ ಸಾವೇ ಇಲ್ಲ ಎಂದುಕೊಳ್ಳಿ. ಅವನು ಒಂದು ರೂಪಾಯಿಯನ್ನು ಶೇಕಡಾ 6ರ ಚಕ್ರಬಡ್ಡಿಗೆ ಠೇವಣಿ ಇಟ್ಟ. ನಮ್ಮ ಕಾಲದ ಬ್ಯಾಂಕಿನವರಿಗೆ ಒಂದು ಸುಲಭದ ಸೂತ್ರ ಗೊತ್ತಿತ್ತು: 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಎರಡರಷ್ಟಾಗಲು ಎಷ್ಟು ವರ್ಷ ಬೇಕೆಂದು ಹೆಚ್ಚುಕಡಿಮೆ ಸಿಗುತ್ತದೆ. 72ನ್ನು 6ರಿಂದ ಭಾಗಿಸಿದರೆ 12. ಹನ್ನೆರಡು ವರ್ಷಕ್ಕೆ ಎರಡು ರೂಪಾಯಿ, ಇಪ್ಪತ್ನಾಲ್ಕು ವರ್ಷಕ್ಕೆ ನಾಲ್ಕು, 120 ವರ್ಷಕ್ಕೆ 1,024 ರೂಪಾಯಿ. ಇಲ್ಲಿಯವರೆಗೆ ಪರವಾಗಿಲ್ಲ. ಆದರೆ 1,200 ವರ್ಷ ಕಳೆದರೆ? ನೂರು ಸಲ ಎರಡರಷ್ಟಾಗುತ್ತದೆ. ಆ ಮೊತ್ತವನ್ನು ಬರೆಯಲು 31 ಅಂಕೆ ಬೇಕು! ಲೋಕದ ಎಲ್ಲ ಬ್ಯಾಂಕುಗಳ ತಿಜೋರಿ ಬಡಿದರೂ ಅಷ್ಟು ಹಣ ಹೊರಡುವುದಿಲ್ಲ. ಸಾಯದವನೊಬ್ಬ ಬಂದು ಪಾಸ್‌ಬುಕ್ಕು ಮುಂದಿಟ್ಟರೆ ಮ್ಯಾನೇಜರು ಹಿಂಬಾಗಿಲಿನಿಂದ ಓಡಬೇಕಾದೀತು.

ಸಾಯದವನಿಗೂ ಸುಖವಿಲ್ಲ ಅನ್ನಿ. ನಮ್ಮಂಥ ಪಿಂಚಣಿದಾರರು ಪ್ರತಿ ವರ್ಷ ನವೆಂಬರಿನಲ್ಲಿ 'ನಾನು ಬದುಕಿದ್ದೇನೆ' ಎಂದು ಜೀವಿತ ಪ್ರಮಾಣಪತ್ರ ಕೊಡಬೇಕು. ಅವನು ಐದು ಸಾವಿರ ನವೆಂಬರು ಸಾಲಿನಲ್ಲಿ ನಿಲ್ಲಬೇಕಲ್ಲ!

ಇಂಥ ಸಾಯದ ಜನರೇ ಇರುವ ಒಂದು ಆಟವಿದೆ. ನನ್ನ ಮೊಮ್ಮಗಳು ಒಂಬತ್ತನೇ ಕ್ಲಾಸು. ಅವಳೂ ಅವಳ ನಾಲ್ಕು ಮಂದಿ ಗೆಳೆಯರೂ ಭಾನುವಾರ ನಮ್ಮ ಹಾಲಿನಲ್ಲಿ ಚಾಪೆ ಹಾಸಿಕೊಂಡು ಆಡುತ್ತಾರೆ. ಬೋರ್ಡು ಇಲ್ಲ, ಪಗಡೆಯ ಹಾಸೂ ಇಲ್ಲ. ದಾಳ, ಕಾಗದ, ಬಾಯಿ ಇಷ್ಟಿದ್ದರೆ ಸಾಕು. ಇಂಗ್ಲಿಷಿನಲ್ಲಿ ಇದಕ್ಕೆ ರೋಲ್‌ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ನಮ್ಮ ಸಾಗರ, ಹೊಸನಗರದ ಕಡೆಯ ಹಿರಿಯರಿಗೆ ತಾಳಮದ್ದಳೆ ಅಂದರೆ ಥಟ್ಟನೆ ಅರ್ಥವಾದೀತು. ವೇಷವಿಲ್ಲ, ಕುಣಿತವಿಲ್ಲ. ಒಬ್ಬ ಅರ್ಥಧಾರಿ ಕೃಷ್ಣನಾಗಿ, ಇನ್ನೊಬ್ಬ ಕೌರವನಾಗಿ ಕೂತಲ್ಲೇ ಮಾತು ಕಟ್ಟುತ್ತಾರೆ. ಈ ಆಟದಲ್ಲೂ ಹಾಗೆ. ಭಾಗವತರ ಜಾಗದಲ್ಲಿ ಗೇಮ್ ಮಾಸ್ಟರ್ ಎಂಬೊಬ್ಬ ಇರುತ್ತಾನೆ. 'ನೀವೀಗ ಕಾಡಿನ ಬಾಗಿಲಲ್ಲಿದ್ದೀರಿ, ಒಳಗಿನಿಂದ ಅಳುವ ಸದ್ದು ಕೇಳುತ್ತಿದೆ, ಏನು ಮಾಡುತ್ತೀರಿ?' ಎಂದು ಅವನು ಕೇಳಿದರೆ ಉಳಿದವರು ತಮ್ಮ ತಮ್ಮ ಪಾತ್ರವಾಗಿ ಉತ್ತರ ಕೊಡಬೇಕು. ಮಾಡಹೊರಟದ್ದು ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ವ್ಯತ್ಯಾಸ ಒಂದೇ. ತಾಳಮದ್ದಳೆಯಲ್ಲಿ ಕೌರವ ಕೊನೆಗೆ ಸೋಲಲೇಬೇಕು. ಇಲ್ಲಿ ಕೊನೆ ಏನೆಂದು ಭಾಗವತರಿಗೂ ಗೊತ್ತಿರುವುದಿಲ್ಲ.

ಈ ಬಗೆಯ ಆಟ ಪುಸ್ತಕರೂಪದಲ್ಲಿ ಮೊದಲು ಅಂಗಡಿಗೆ ಬಂದದ್ದು 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಮಾಡಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅದರ ಹೆಸರು. ಆಮೇಲೆ ಇಂಥವು ನೂರಾರು ಹುಟ್ಟಿದವು. ನಾನು ಇವತ್ತು ಹೇಳಹೊರಟಿರುವುದು ಅವುಗಳಲ್ಲಿ ಎರಡರ ಕಥೆ. ಎರಡನ್ನೂ ಮಾಡಿದ್ದು ಷಿಕಾಗೋದ ಫಾಸಾ ಎಂಬ ಕಂಪನಿ. 1989ರಲ್ಲಿ ಬಂದ 'ಷ್ಯಾಡೋರನ್' ಮುಂದಿನ ಕಾಲದ ಕಥೆ, 2050ನೇ ಇಸವಿಯದು. 1993ರಲ್ಲಿ ಬಂದ 'ಅರ್ಥ್‌ಡಾನ್' ಬಹಳ ಹಿಂದಿನ, ಚರಿತ್ರೆ ಶುರುವಾಗುವ ಮೊದಲಿನ ಕಾಲದ ಕಥೆ. ಎರಡರಲ್ಲೂ ಎಲ್ಫ್‌ಗಳಿದ್ದಾರೆ.

ಎಲ್ಫ್ ಅಂದರೆ ಯಾರು? ಯುರೋಪಿನ ಉತ್ತರದ ದೇಶಗಳ ಹಳೆಯ ಕಥೆಗಳಲ್ಲಿ ಬರುವ ಜನ. ನಮ್ಮ ಯಕ್ಷ, ಗಂಧರ್ವರ ಹಾಗೆ ಮನುಷ್ಯರಂತಿದ್ದೂ ಮನುಷ್ಯರಲ್ಲ. ಆಮೇಲಿನವರು ಅವರನ್ನು ಹೂವಿನ ಎಸಳಿನೊಳಗೆ ಮಲಗುವಷ್ಟು ಚಿಕ್ಕದು ಮಾಡಿದರು. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಟೋಲ್ಕಿನ್ ತಮ್ಮ 'ದ ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯಲ್ಲಿ ಅವರನ್ನು ಮತ್ತೆ ಎತ್ತರದ, ಗಂಭೀರದ, ಮುಪ್ಪಿಲ್ಲದ ಜನರಾಗಿ ನಿಲ್ಲಿಸಿದರು. ಅದು ಅಚ್ಚಾದದ್ದು 1954 ಮತ್ತು 1955ರಲ್ಲಿ. ಇಂದಿನ ಆಟಗಳ ಎಲ್ಫ್‌ಗಳು ಹೆಚ್ಚಾಗಿ ಆ ಮನೆತನದವರೇ. ತೆಳ್ಳಗಿನ ದೇಹ, ಚೂಪು ಕಿವಿ, ನೂರಾರು ವರ್ಷದ ಆಯಸ್ಸು.

ಈಗ ಕಥೆಗೆ ಬರೋಣ. ಈ ಆಟಗಳ ಲೋಕದಲ್ಲಿ ಮಾಯಾಶಕ್ತಿ ಸಮುದ್ರದ ಭರತ ಇಳಿತದ ಹಾಗೆ ಏರಿ ಇಳಿಯುತ್ತದೆ. ಒಂದು ಯುಗ ಮಾಯೆಯದು, ಮುಂದಿನದು ಮಾಯೆ ಇಲ್ಲದ್ದು. ನಾವು ನೀವು ಬದುಕುವುದು ಅವರ ಲೆಕ್ಕದ ಐದನೆಯ ಲೋಕ. ಅರ್ಥ್‌ಡಾನ್ ನಾಲ್ಕನೆಯದು, ಷ್ಯಾಡೋರನ್ ಆರನೆಯದು. ಯುಗದ ಅಳತೆಗೆ ಅವರು ನೋಡಿದ್ದು ಮಧ್ಯ ಅಮೆರಿಕದ ಮಾಯಾ ಜನರ ಹಳೆಯ ಪಂಚಾಂಗವನ್ನು. ಆ ಪಂಚಾಂಗದ ಒಂದು ದೊಡ್ಡ ಸುತ್ತು 18,72,000 ದಿನ. 365 ಕಾಲರಿಂದ ಭಾಗಿಸಿ ನೋಡಿ, ಸುಮಾರು 5,125 ವರ್ಷ ಬರುತ್ತದೆ. ಆಟದ ಪ್ರಕಾರ ಸುತ್ತು ಮುಗಿದು ಮಾಯೆ ಮರಳಿದ ದಿನ 2011ರ ಡಿಸೆಂಬರ್ 24. ಅಂದು ಜಪಾನಿನ ಫ್ಯೂಜಿ ಪರ್ವತದ ಬಳಿ ಬುಲೆಟ್ ರೈಲಿನಲ್ಲಿ ಹೋಗುತ್ತಿದ್ದವರು ಕಿಟಕಿಯಿಂದ ನೋಡಿದರೆ, ಆಕಾಶದಲ್ಲಿ ಡ್ರ್ಯಾಗನ್! ಆ ಹೊತ್ತಿಗೇ ಮನುಷ್ಯ ತಂದೆ-ತಾಯಿಗೆ ಚೂಪು ಕಿವಿಯ ಮಕ್ಕಳು ಹುಟ್ಟತೊಡಗಿದವು. ಬರೆದಾಗ ಅದು 22 ವರ್ಷ ಮುಂದಿನ ದಿನ. ಈಗ ನಾವು ಆ ದಿನವನ್ನು ದಾಟಿ ಬಂದು ಎಷ್ಟೋ ವರ್ಷವಾಯಿತು. ಡ್ರ್ಯಾಗನ್ ಬಂದಿಲ್ಲ, ಚೂಪು ಕಿವಿಯೂ ಇಲ್ಲ.

ಇಲ್ಲೊಂದು ಮೋಜಿನ ಪ್ರಶ್ನೆ. 2050ರಲ್ಲಿ ಈ ಎಲ್ಫ್ ಮಕ್ಕಳಿಗೆ ಎಷ್ಟು ವಯಸ್ಸು? 2011ರಲ್ಲಿ ಹುಟ್ಟಿದ್ದರೆ 39. ಹಾಗಾದರೆ ಎಲ್ಫ್‌ಗಳು ಎಷ್ಟು ವರ್ಷ ಬದುಕುತ್ತಾರೆಂದು ಆ ಲೋಕದ ವೈದ್ಯರಿಗೆ ಹೇಗೆ ಗೊತ್ತಾಗಬೇಕು? ಮುಪ್ಪಾಗಿ ಸತ್ತವರು ಇನ್ನೂ ಒಬ್ಬರೂ ಇಲ್ಲವಲ್ಲ! ವಿಮೆ ಕಂಪನಿಯವರು ಪ್ರೀಮಿಯಂ ಲೆಕ್ಕ ಹಾಕಲಾರದೆ ತಲೆ ಕೆರೆದುಕೊಂಡಿರಬೇಕು.

ಆದರೆ ಈ ಹೊಸ ಮಕ್ಕಳ ನಡುವೆ ಕೆಲವರು ಗುಟ್ಟಾಗಿ ಓಡಾಡುತ್ತಾರೆ. ಅವರು 2011ರಲ್ಲಿ ಹುಟ್ಟಿದವರಲ್ಲ. ನಾಲ್ಕನೆಯ ಲೋಕದಲ್ಲಿ ಹುಟ್ಟಿ, ಮಾಯೆ ಬತ್ತಿಹೋದ ಐದನೆಯ ಲೋಕವನ್ನು ಕಿವಿ ಮುಚ್ಚಿಕೊಂಡು ನಮ್ಮ ನಡುವೆಯೇ ಕಳೆದು, ಆರನೆಯದಕ್ಕೆ ಬಂದವರು. ಅವರೇ ಸಾವಿಲ್ಲದ ಎಲ್ಫ್‌ಗಳು. ಬೆರಳೆಣಿಕೆಯ ಜನ. ಕತ್ತಿಗೆ ಸಿಕ್ಕಿದರೆ ಸಾಯಬಹುದು, ಆದರೆ ಮುಪ್ಪು ಅವರನ್ನು ಮುಟ್ಟುವುದಿಲ್ಲ.

ಕಂಪನಿಯವರು ಇದನ್ನು ಡಂಗುರ ಸಾರಿ ಹೇಳಲಿಲ್ಲ. ಭವಿಷ್ಯದ ಆಟದ ಪುಸ್ತಕದಲ್ಲಿ ಒಂದು ಹೆಸರು, ಪುರಾತನ ಕಾಲದ ಆಟದ ಪುಸ್ತಕದಲ್ಲಿ ಅದನ್ನೇ ಹೋಲುವ ಇನ್ನೊಂದು ಹೆಸರು. ಓದುವವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ತಾಳೆ ನೋಡಬೇಕು. ಸಂಜೆ ಲೆಡ್ಜರಿಗೂ ಡೇ ಬುಕ್ಕಿಗೂ ತಾಳೆ ಹಾಕುತ್ತ ಕೂತವನು ನಾನು. ಮೊಮ್ಮಗಳು ಇದನ್ನು ವಿವರಿಸಿದಾಗ 'ಎಲಾ ಇವರ' ಅಂದುಕೊಂಡೆ.

ಹಳೆಯ ಲೆಡ್ಜರಿನಲ್ಲಿ ಏನಿತ್ತು ನೋಡೋಣ. ನಾಲ್ಕನೆಯ ಲೋಕದಲ್ಲಿ ಮಾಯೆ ಉಕ್ಕೇರಿದಾಗ ಬೇರೆ ಲೋಕದಿಂದ ಹಾರರ್‌ಗಳೆಂಬ ಪಿಶಾಚಿಗಳು ಇಳಿದು ಬಂದವು. ಅವುಗಳಲ್ಲಿ ಹಲವಕ್ಕೆ ಊಟ ಅನ್ನವಲ್ಲ, ಮಾಂಸವೂ ಅಲ್ಲ. ಪ್ರಾಣಿಗಳ ಭಯ, ನೋವು. ತಾವೇ ನೋಯಿಸಿ, ಆ ನೋವನ್ನು ತಿನ್ನುತ್ತವೆ. ಅವು ಬರಲಿವೆಯೆಂದು ಥೇರಾ ದ್ವೀಪದ ವಿದ್ವಾಂಸರು ಹಳೆಯ ಗ್ರಂಥಗಳನ್ನು ಓದಿ ಮೊದಲೇ ತಿಳಿದಿದ್ದರು. ಅದಕ್ಕೆ ಜನ ನೆಲದಡಿಯಲ್ಲಿ ಕೇರ್‌ಗಳೆಂಬ ಊರುಗಳನ್ನು ಕೊರೆದು, ಬಾಗಿಲಿಗೆ ಮಂತ್ರದ ಕಾವಲಿಟ್ಟು, ಒಳಗೆ ಸೇರಿಕೊಂಡರು. ಸುಮಾರು 400 ವರ್ಷ! ಒಳಗೇ ಹುಟ್ಟಿ, ಸೂರ್ಯನನ್ನು ನೋಡದೆ ಒಳಗೇ ಮುಗಿದ ತಲೆಮಾರುಗಳು ಎಷ್ಟೋ.

ಹೊರಗೆ ಪಿಶಾಚಿ ಹೋಯಿತೋ ಇಲ್ಲವೋ ಎಂದು ಒಳಗಿದ್ದವರಿಗೆ ಗೊತ್ತಾಗುವುದು ಹೇಗೆ? ಅದಕ್ಕೊಂದು ಉಪಾಯವಿತ್ತು. ತಟ್ಟೆಯಲ್ಲಿ ಮಂತ್ರಿಸಿದ ನೀರು, ಅದರ ಮೇಲೆ ಗಾಳಿಯಲ್ಲಿ ತೇಲುವ ಮಂತ್ರಿಸಿದ ಮಣ್ಣಿನ ಉಂಡೆ. ಲೋಕದಲ್ಲಿ ಮಾಯೆ ಇಳಿದ ಹಾಗೆ ಉಂಡೆಯೂ ಇಳಿಯುತ್ತದೆ. ಅದು ನೀರನ್ನು ಮುಟ್ಟಿದ ದಿನ ಬಾಗಿಲು ತೆರೆಯಬಹುದು. ಜನ ತಲೆಮಾರುಗಟ್ಟಲೆ ಆ ಉಂಡೆಯನ್ನೇ ನೋಡುತ್ತ ಕೂತರು. ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಉಂಡೆ ನಿಂತೇಬಿಟ್ಟಿತು. ಇಳಿಯದು, ಏರದು. ಬಾಗಿಲು ತೆರೆಯುವುದೋ ಬೇಡವೋ? ಆ ಕಾಲದ ಕಥೆಗಳೆಲ್ಲ ಶುರುವಾಗುವುದು ಧೈರ್ಯ ಮಾಡಿ ಬಾಗಿಲು ತೆರೆದವರಿಂದ.

ಎಲ್ಫ್‌ಗಳ ರಾಣಿ ಅಲಾಕಿಯಾ ಮಾತ್ರ ಥೇರಾದವರ ವಿದ್ಯೆ ಬೇಡವೆಂದಳು. ವಿದ್ಯೆಗೆ ಅವರು ಬೆಲೆ ಕೇಳುತ್ತಿದ್ದರು. ರಾಣಿಗೆ ಅಭಿಮಾನ ಅಡ್ಡ ಬಂತು. 'ನಮ್ಮ ಕಾಡೇ ನಮ್ಮನ್ನು ಕಾಯುತ್ತದೆ' ಎಂದು ಜೀವಂತ ಮರಗಳನ್ನೇ ಹೆಣೆದು ಕೋಟೆ ಮಾಡಿಸಿದಳು. ಅದು ತಡೆಯಲಿಲ್ಲ. ಪಿಶಾಚಿಗಳು ಒಳನುಗ್ಗಿದಾಗ ಉಳಿದದ್ದು ಒಂದೇ ದಾರಿ. ಒಂದು ಘೋರ ಮಂತ್ರ ಮಾಡಿಸಿದರು. ಅಲ್ಲಿದ್ದ ಪ್ರತಿಯೊಬ್ಬರ ಮೈಯೊಳಗಿನಿಂದಲೂ ಮುಳ್ಳುಗಳು ಚರ್ಮ ಸೀಳಿಕೊಂಡು ಹೊರಬಂದವು. ಏಕೆ ಗೊತ್ತೇ? ಪಿಶಾಚಿಗಳ ಊಟ ತಾವು ಕೊಟ್ಟ ನೋವು. ಮೊದಲೇ ನೋವಿನಿಂದ ತುಂಬಿದ ದೇಹದಲ್ಲಿ ಅವುಗಳಿಗೆ ತಿನ್ನಲು ಏನೂ ಉಳಿಯಲಿಲ್ಲ. ಎಲ್ಫ್‌ಗಳು ಉಳಿದುಕೊಂಡರು. ಕಾಡಿನ ಹೆಸರು ನೆತ್ತರ ಕಾಡು ಎಂದಾಯಿತು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. 400 ವರ್ಷ ಕಳೆದು ಪಿಶಾಚಿಗಳಲ್ಲಿ ಹೆಚ್ಚಿನವು ಹೋದವು. ಮುಳ್ಳು ಹೋಗಲಿಲ್ಲ. ಗಾಯ ಮಾಯುವುದಿಲ್ಲ, ರಕ್ತ ನಿಲ್ಲುವುದಿಲ್ಲ. ಬೇರೆ ಕಡೆಯ ಎಲ್ಫ್‌ಗಳೇ ಇವರನ್ನು ಕಂಡರೆ ದೂರ ಸರಿಯುತ್ತಾರೆ. ಓದುತ್ತಿರುವ ಅಜ್ಜ-ಅಜ್ಜಿಯರಿಗೆ ಇಷ್ಟು ಹೊತ್ತಿಗೆ ಅಶ್ವತ್ಥಾಮನ ನೆನಪಾಗಿರಬೇಕು. ಹಣೆಯ ಮಣಿ ಕಿತ್ತ ಗಾಯ ಸೋರುತ್ತ ಅಲೆಯುವ ಚಿರಂಜೀವಿ. ಸಾವಿಲ್ಲದಿರುವುದು ವರವೋ ಶಾಪವೋ ಎಂಬ ಸಂಶಯ ಎರಡು ಕಡೆಯ ಕಥೆಗಾರರಿಗೂ ಬಂದಿದೆ.

ಮುಳ್ಳು ಮೈಯಲ್ಲೇ ಇರಬೇಕೆಂದಿಲ್ಲ. ಹೊಸ ಲೆಡ್ಜರಿನಲ್ಲಿ, ಅಂದರೆ ಷ್ಯಾಡೋರನ್‌ನಲ್ಲಿ, ಹಾರ್ಲೆಕ್ವಿನ್ ಎಂಬ ಸಾವಿಲ್ಲದ ಎಲ್ಫ್ ಇದ್ದಾನೆ. ಮುಖಕ್ಕೆ ಸರ್ಕಸ್ಸಿನ ಕೋಡಂಗಿಯ ಬಣ್ಣ ಬಳಿದುಕೊಂಡು ತಿರುಗುತ್ತಾನೆ. ಇನ್ನೊಬ್ಬ ಎಹ್ರಾನ್, ಅಮೆರಿಕದ ಒರೆಗಾನ್ ಪ್ರಾಂತದಲ್ಲಿ ಎಲ್ಫ್‌ಗಳು ಕಟ್ಟಿಕೊಂಡ ರಾಜ್ಯದ ದೊರೆಗಳಲ್ಲೊಬ್ಬ, ದೊಡ್ಡ ವಿದ್ವಾಂಸ. ಇಬ್ಬರಿಗೂ ಶತಮಾನಗಳ ಹಿಂದಿನ ಜಗಳ. 1990ರಲ್ಲಿ ಬಂದ ಒಂದು ಕಥಾಪುಸ್ತಕದಲ್ಲಿ ಆಟಗಾರರ ಪಾತ್ರಗಳಿಗೆ ಯಾರೋ ಹಣ ಕೊಟ್ಟು ಒಂದಾದ ಮೇಲೊಂದು ವಿಚಿತ್ರ ಕೆಲಸ ಮಾಡಿಸುತ್ತಾರೆ. ಒಂದಕ್ಕೊಂದು ಸಂಬಂಧವೇ ಕಾಣುವುದಿಲ್ಲ. ಕೊನೆಗೆ ಗೊತ್ತಾಗುತ್ತದೆ: ಅವೆಲ್ಲ ಹಾರ್ಲೆಕ್ವಿನ್ ಹಳೆಯ ಪದ್ಧತಿಯಂತೆ ಎಹ್ರಾನನ ಮೇಲೆ ತೀರಿಸುತ್ತಿದ್ದ ಸೇಡಿನ ಮೆಟ್ಟಿಲುಗಳು. ಅವರ ಜಗಳಕ್ಕೆ ಸುಮ್ಮನೆ ಓಡಾಡಿದವರು ನಾಲ್ಕು ದಿನ ಬದುಕುವ ಮನುಷ್ಯರು.

ನಾನು ಕೆಲಸ ಮಾಡಿದ ಒಂದು ಶಾಖೆಯಲ್ಲಿ ಇಬ್ಬರು ಅಣ್ಣತಮ್ಮಂದಿರ ಜಂಟಿ ಖಾತೆಯಿತ್ತು. ಇಬ್ಬರೂ ಸಹಿ ಹಾಕಿದರೆ ಮಾತ್ರ ಹಣ. ಏನೋ ಅಡಿಕೆ ತೋಟದ ಗಡಿಯ ವಿಷಯಕ್ಕೆ ಮಾತು ಬಿಟ್ಟಿದ್ದರು. ಒಬ್ಬ ಬಂದರೆ ಇನ್ನೊಬ್ಬ ಬಾರ. ಹಣ ಹಾಗೇ ಕೂತಿತ್ತು. ಕೊನೆಗೆ ಇಬ್ಬರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು, ಎರಡು ಮರಣ ಪ್ರಮಾಣಪತ್ರ ಮುಂದಿಟ್ಟು, ಫಾರಂ ತುಂಬಿ, ಆ ಹಣ ಹಂಚಿಕೊಂಡು ಹೋದರು. ಹೋಗುವಾಗ ಹೋಟೆಲಿನಲ್ಲಿ ಒಟ್ಟಿಗೆ ಕಾಫಿ ಕುಡಿದರೆಂದು ನಮ್ಮ ಜವಾನ ಬಂದು ಹೇಳಿದ. ಮನುಷ್ಯರ ಜಗಳಕ್ಕೆ ಒಂದು ಕೊನೆಯ ದಿನಾಂಕವಾದರೂ ಇದೆ. ಅಪ್ಪಂದಿರು ಸಾವಿಲ್ಲದ ಎಲ್ಫ್‌ಗಳಾಗಿದ್ದರೆ ಆ ಮಕ್ಕಳು ಕಾಫಿ ಕುಡಿಯುವುದು ಯಾವಾಗ?

ಒಂದು ಭಾನುವಾರ ಆಟ ಮುಗಿದು ಗೆಳೆಯರೆಲ್ಲ ಹೋದ ಮೇಲೆ ಮೊಮ್ಮಗಳು ದಾಳಗಳನ್ನು ಡಬ್ಬಿಗೆ ತುಂಬುತ್ತ ಕೇಳಿದಳು.

"ಅಜ್ಜ, ಅಜ್ಜಿ ಎಲ್ಫ್ ಆಗಿದ್ದಿದ್ರೆ ಈಗ್ಲೂ ಇರ್ತಿದ್ರು, ಅಲ್ವಾ?"

ಅವಳ ಅಜ್ಜಿ ಹೋಗಿ ಮೂರು ವರ್ಷ. ಇಂಥ ಪ್ರಶ್ನೆಗೆ ಉತ್ತರ ಯಾವ ಲೆಡ್ಜರಿನಲ್ಲೂ ಇರುವುದಿಲ್ಲ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ.

"ಇರ್ತಿದ್ದಳು ಮಗಾ," ಅಂದೆ. "ಆದ್ರೆ ಅವಳೊಬ್ಬಳೇ ಎಲ್ಫ್ ಆಗಿದ್ರೆ, ನಾನು ಹೋಗೋದನ್ನ ನೋಡ್ಬೇಕಿತ್ತು. ನಿಮ್ಮಪ್ಪ ಹೋಗೋದನ್ನ ನೋಡ್ಬೇಕಿತ್ತು. ಆಮೇಲೆ ನೀನು ಅಜ್ಜಿಯಾಗಿ..."

"ಬೇಡ ಬಿಡಿ ಅಜ್ಜ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ಆ ಸಾಯದ ಎಲ್ಫ್‌ಗಳಿಗೆ ಎಷ್ಟು ಜನ ಅಜ್ಜಿ ಹೋಗಿದ್ದು ನೆನಪಿರ್ಬೇಕು!" ಅಂದಳು.

ಮಗುವಿನ ಬಾಯಲ್ಲಿ ಬಂದ ಮಾತು. ನಮಗೆ ಪ್ರೀತಿಯವರು ಹೋದ ನೆನಪು ಎಷ್ಟು? ನಾಲ್ಕೋ ಹತ್ತೋ. ಅವನ್ನು ಹೊತ್ತುಕೊಂಡು ನಡೆಯಲು ಒಂದು ಜನ್ಮ ಸಾಕು. ಐದು ಸಾವಿರ ವರ್ಷದವನ ಹೆಗಲ ಮೇಲೆ ಎಷ್ಟಿರಬೇಡ? ಕೋಡಂಗಿಯ ಬಣ್ಣ ಬಳಿದುಕೊಳ್ಳದೆ ಅವನು ಇನ್ನೇನು ಮಾಡಿಯಾನು! ನಾನು ಅವಳಿಗೆ ಹೇಳದೆ ಉಳಿಸಿಕೊಂಡ ಇನ್ನೊಂದು ಮಾತೂ ಇದೆ. ಅವಳು ಇರಬೇಕಿತ್ತು ಎಂದು ನನಗೂ ಅನಿಸುತ್ತದೆ, ದಿನಾ ಬೆಳಗ್ಗೆ ಕಾಫಿಗೆ ನೀರಿಡುವಾಗ. ಅದಕ್ಕೆ ಎಲ್ಫ್ ಆಗಬೇಕಿರಲಿಲ್ಲ; ಇನ್ನೊಂದು ಹತ್ತು ವರ್ಷ ಸಾಕಿತ್ತು.

ಹಾಗೆಂದು ಈ ಕಥೆಗಳು ಬರೀ ದುಃಖದವೆಂದು ತಿಳಿಯಬೇಡಿ. ಹಾರ್ಲೆಕ್ವಿನ್ ಮತ್ತೆ ಬರುತ್ತಾನೆ, 1994ರ ಇನ್ನೊಂದು ಪುಸ್ತಕದಲ್ಲಿ. ಆರನೆಯ ಲೋಕದಲ್ಲಿ ಮಾಯೆ ಮತ್ತೆ ಏರುತ್ತಿದೆ. ಅಂದರೆ ಹಾರರ್‌ಗಳು ಮತ್ತೆ ಬರಲಿವೆ. ಹೊಸ ಕಾಲದ ಜನರಿಗೆ ಆ ಹೆಸರೇ ಗೊತ್ತಿಲ್ಲ. ಕಂಡವರು ಈ ಹಳಬರು ಮಾತ್ರ. ಲೋಕಗಳ ನಡುವಿನ ಕಂದರಕ್ಕೆ ಆ ಕಡೆಯಿಂದ ಸೇತುವೆ ಕಟ್ಟುತ್ತಿದ್ದಾರೆ; ಅವಧಿಗೆ ಮುಂಚೆಯೇ ದಾಟಿ ಬರುವ ಹುನ್ನಾರ. ತಡೆಯಬಲ್ಲದ್ದು ಥೈಲಾ ಎಂಬ ಗಾಯಕಿಯ ಹಾಡೊಂದೇ. ಆಗ ಹಾರ್ಲೆಕ್ವಿನ್ ಯಾರ ಹತ್ತಿರ ಹೋಗುತ್ತಾನೆ? ಬೇರೆ ಸಾವಿಲ್ಲದವರ ಹತ್ತಿರವಲ್ಲ. ಆಟಗಾರರ ಪಾತ್ರಗಳ ಹತ್ತಿರ, ಅಂದರೆ ನಮ್ಮಂಥ ಅಲ್ಪಾಯುಷಿಗಳ ಹತ್ತಿರ. ನೆನಪು ಅವನದು, ಓಡುವ ಕಾಲು ಇವರದು. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಂದ ಆಗದು.

ಇದನ್ನು ಕೇಳಿದಾಗ ನನಗೆ ಅನಿಸಿದ್ದು ಇಷ್ಟು. ನಮ್ಮ ಮನೆಗಳಲ್ಲೂ ಎಲ್ಫ್‌ಗಳಿದ್ದಾರೆ. ಎಂಟು ವರ್ಷದ ಹುಡುಗನಿಗೆ ಎಪ್ಪತ್ತೈದು ವರ್ಷದ ಅಜ್ಜಿ ಅಂದರೆ ಹೆಚ್ಚುಕಡಿಮೆ ನಾಲ್ಕನೆಯ ಲೋಕದವಳೇ. ಕರೆಂಟಿಲ್ಲದ ಮನೆ, ಬುಡ್ಡಿದೀಪ, ಪೋಸ್ಟ್‌ಕಾರ್ಡು, ಸಿಡುಬಿನ ಕಾಲ, ಪಡಿತರದ ಅಂಗಡಿಯ ಸಾಲು, ಎಲ್ಲ ಕಂಡವಳು. ಆದರೆ ಆಟದ ಎಲ್ಫ್‌ಗಳ ಒಂದು ದೊಡ್ಡ ಕುಂದು ನಮ್ಮಲ್ಲೂ ಇದೆ. ಅವರು ಕಂಡದ್ದನ್ನು ಹೇಳುವುದಿಲ್ಲ. 'ಹೊಸಬರಿಗೆ ಅರ್ಥವಾಗದು' ಎಂದು ಗುಟ್ಟು ಮಾಡುತ್ತಾರೆ. ಅವರಿಗಾದರೆ ನಡೆಯುತ್ತದೆ, ಇವತ್ತಲ್ಲದಿದ್ದರೆ ಇನ್ನು ಮುನ್ನೂರು ವರ್ಷ ಬಿಟ್ಟು ಹೇಳಬಹುದು. ನಮ್ಮ ಖಾತೆಗೆ ಮೆಚ್ಯುರಿಟಿ ದಿನಾಂಕವಿದೆ.

ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸಬೇಕೆಂದು 2014ರಿಂದ ನಿಯಮವಿದೆ. ಅಲ್ಲಿಗೆ ಹೋದ ಹಣವನ್ನೂ ವಾರಸುದಾರರು ದಾಖಲೆ ತೋರಿಸಿ ಮರಳಿ ಪಡೆಯಬಹುದು. ಕೇಳದೆ ಉಳಿದ ಅಜ್ಜಿಯ ಕಥೆಗೆ ಅಂಥ ನಿಧಿ ಯಾವುದೂ ಇಲ್ಲ.

ಆದ್ದರಿಂದ ಈ ವಾರದ ಮನೆಗೆಲಸ. ಮಕ್ಕಳೇ, ನಿಮ್ಮ ಮನೆಯ ಹಿರಿಯರ ಹತ್ತಿರ ಹೋಗಿ, ನೀವು ಹುಟ್ಟುವ ಮೊದಲು ತೀರಿಹೋದ ಒಬ್ಬರ ಬಗ್ಗೆ ಕೇಳಿ. ಅವರ ಹೆಸರೇನು, ಏನು ತಿನ್ನಲು ಇಷ್ಟವಿತ್ತು, ಯಾವುದಕ್ಕೆ ನಗುತ್ತಿದ್ದರು, ಇಷ್ಟು ಸಾಕು. ಒಂದು ಪುಟ ಬರೆದಿಡಿ. ಅಜ್ಜ-ಅಜ್ಜಿಯರೇ, ನಿಮಗೂ ಒಂದಿದೆ. ಹಳೆಯ ಮುಳ್ಳು ಯಾವುದಾದರೂ ಇನ್ನೂ ಒಳಗಿದ್ದರೆ, ಅದನ್ನು ಕೊಟ್ಟ ಪಿಶಾಚಿ ಹೋಗಿ ಎಷ್ಟೋ ವರ್ಷವಾಗಿದ್ದರೆ, ಆ ಮನೆಗೆ ಒಂದು ಫೋನು ಮಾಡಿ. ಮಾತು ಸಿಗದಿದ್ದರೆ 'ಮಳೆ ಹೇಗಿದೆ ನಿಮ್ಮ ಕಡೆ' ಎಂದು ಕೇಳಿದರೂ ಆಯಿತು.